ರ‍್ಯಾಮ್ ಅರ್ಧ ಖಾಲಿ, ಮೇಲ್ ಪೂರಾ ಬಂದ್

ಸೆಪ್ಟೆಂಬರ್ 11, 2023, ಸೋಮವಾರ. ಹುಬ್ಬಳ್ಳಿ

ದೇಶಪಾಂಡೆ ನಗರದ ಆಡಿಟರ್ ಆಫೀಸಿನಿಂದ ಬೆಳಿಗ್ಗೆಯೇ ಫೋನು. ಜಿಎಸ್‌ಟಿಆರ್-1 ತುಂಬಲು ಇವತ್ತೇ ಕಡೇ ದಿನ, ಅಂಥಾದ್ದರಲ್ಲಿ ಔಟ್‌ಲುಕ್ ನಿಂತುಬಿಟ್ಟಿದೆ. ನಾನು ಹೋದಾಗ ಅಕೌಂಟ್ಸ್ ನೋಡುವ ಅಕ್ಕಾರು ಮೌಸ್ ಪಕ್ಕಕ್ಕಿಟ್ಟು ಕೂತಿದ್ದರು.

“ನೋಡ್ರಿ ಅಣ್ಣಾರ, ಮತ್ತ ಅದ ಬಂತು. ಮೆಮರಿ ಮುಗದೈತಂತ, ಒಂದಿಷ್ಟು ವಿಂಡೋ ಮುಚ್ಚಂತ. ಎಲ್ಲಾ ಮುಚ್ಚೀನಿ. ಇನ್ನ ಆಫೀಸ್ ಬಾಗಲಾ ಒಂದ ಮುಚ್ಚೂದ್ ಉಳದೈತಿ.”

ಹೋದ ತಿಂಗಳು ಯಾವುದೋ ಅಂಗಡಿಯವರು ಬಂದು 8 ಜಿಬಿ ರ‍್ಯಾಮ್ ಹೆಚ್ಚಿಗೆ ಹಾಕಿ ದುಡ್ಡು ಎಣಿಸಿಕೊಂಡು ಹೋಗಿದ್ದಾರೆ. ಈಗ ಒಟ್ಟು 16 ಜಿಬಿ. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದೆ. ಬಳಕೆಯಲ್ಲಿರುವುದು 7ರ ಆಸುಪಾಸು. ರ‍್ಯಾಮ್ ಮತ್ತು ಪೇಜ್ ಫೈಲ್ ಕೂಡಿಸಿ ತೋರಿಸುವ ‘ಕಮಿಟೆಡ್’ ಲೆಕ್ಕದಲ್ಲೂ ಅರ್ಧ ಉಳಿದಿದೆ. ಡಿಸ್ಕ್‌ನಲ್ಲಿ ಜಾಗ ಬೇಕಾದಷ್ಟಿದೆ. ಇಷ್ಟಾದರೂ ಮೆಮರಿ ಮುಗಿದಿದೆ ಎನ್ನುವುದಾದರೆ, ಮುಗಿದಿರುವುದು ಕಂಪ್ಯೂಟರಿನದಲ್ಲ, ಔಟ್‌ಲುಕ್‌ನ ಪಾಲಿನದು.

ಫೈಲ್ ಮೆನುವಿನ ‘ಆಫೀಸ್ ಅಕೌಂಟ್’ನಲ್ಲಿ ‘ಅಬೌಟ್ ಔಟ್‌ಲುಕ್’ ಒತ್ತಿದರೆ ಮೇಲ್ತುದಿಯಲ್ಲೇ ಉತ್ತರ ಸಿಕ್ಕಿತು: 2013ರ ಆವೃತ್ತಿ, 32-ಬಿಟ್. 32 ಬಿಟ್‌ನಲ್ಲಿ ಬರೆಯಬಹುದಾದ ವಿಳಾಸಗಳು 4,294,967,296, ಅಂದರೆ 4 ಜಿಬಿ. ವಿಂಡೋಸ್ ಅದರಲ್ಲಿ ಅರ್ಧ ತಾನು ಇಟ್ಟುಕೊಂಡು, ಇಂಥ ಪ್ರೋಗ್ರಾಮಿಗೆ ಸಾಮಾನ್ಯವಾಗಿ 2 ಜಿಬಿ ಬಿಟ್ಟುಕೊಡುತ್ತದೆ. ಮದರ್‌ಬೋರ್ಡ್ ಮೇಲೆ 16 ಇರಲಿ, 64 ಇರಲಿ, ಆ 2 ಜಿಬಿ ದಾಟುವಂತಿಲ್ಲ.

ಔಟ್‌ಲುಕ್ ಮುಚ್ಚಿ ತೆರೆದು, ಒಂದೊಂದೇ ಮೇಲ್ ತೆಗೆಯಿರಿ ಎಂದು ಹೇಳಿ ಇವತ್ತಿನ ಕೆಲಸ ಸಾಗಿಸಿದ್ದಾಯಿತು. ಕಾರಣ ನಾಳೆ ಹುಡುಕಬೇಕು.

ಸೆಪ್ಟೆಂಬರ್ 12, ಮಂಗಳವಾರ

ಊಹೆ ಬಿಟ್ಟು ಅಳತೆಗೆ ಕೂತೆ. ಟಾಸ್ಕ್ ಮ್ಯಾನೇಜರಿನ ‘ಡೀಟೇಲ್ಸ್’ನಲ್ಲಿ ‘ಕಮಿಟ್ ಸೈಜ್’, ‘ಜಿಡಿಐ ಆಬ್ಜೆಕ್ಟ್ಸ್’ ಎಂಬ ಎರಡು ಕಾಲಂ ಸೇರಿಸಿಕೊಂಡೆ. ಕಿಟಕಿ, ಗುಂಡಿ, ಅಕ್ಷರ ಬಿಡಿಸಲು ಬೇಕಾಗುವ ಜಿಡಿಐ ವಸ್ತುಗಳಿಗೂ ಒಂದು ಪ್ರೋಗ್ರಾಮಿಗೆ ಇಂತಿಷ್ಟೇ ಎಂದು ಮಿತಿಯುಂಟು. ವಿಂಡೋಸ್ ಕೊಡುವ ಸಾಮಾನ್ಯ ಮಿತಿ 10,000. ಹತ್ತಾರು ಮೇಲ್ ವಿಂಡೋ ತೆರೆದಿಟ್ಟುಕೊಳ್ಳುವವರಿಗೆ ಅಲ್ಲೂ ಪೆಟ್ಟು ಬೀಳುತ್ತದೆ. ಇಲ್ಲಿ 3,400ರ ಸುತ್ತ ನಿಂತಿತ್ತು, ಹಾಗಾಗಿ ಆ ಅನುಮಾನ ಬಿಟ್ಟೆ.

ಕಮಿಟ್ ಸೈಜ್ ಮಾತ್ರ ಕಣ್ಣಿಗೆ ಬಿತ್ತು. ತೆರೆದಾಗ 600 ಎಂಬಿ. ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿದ ಒಂದು ಮೇಲ್ ತೆಗೆದರೆ 14 ಎಂಬಿ ಏರುತ್ತದೆ, ಮುಚ್ಚಿದರೆ ಇಳಿಯುವುದಿಲ್ಲ. ಇನ್ನೊಂದು ತೆಗೆದರೆ ಮತ್ತೆ ಏರುತ್ತದೆ. ಊಟದ ಹೊತ್ತಿಗೆ 1,700 ದಾಟಿತು, ಸಂದೇಶ ಬಂತು. 2 ಜಿಬಿ ತುಂಬುವ ಮೊದಲೇ ಯಾಕೆ ಅಂದರೆ, ದೊಡ್ಡ ಪಿಡಿಎಫ್‌ಗೆ ಒಂದೇ ಕಡೆ ಅಖಂಡವಾದ ಜಾಗ ಬೇಕು. ಧಾರವಾಡದ ಬಸ್ಸಿನಲ್ಲಿ ಅಲ್ಲೊಂದು ಇಲ್ಲೊಂದು ಸೀಟು ಖಾಲಿಯಿದ್ದರೆ ಐದು ಜನ ಒಟ್ಟಿಗೆ ಕೂರಲಿಕ್ಕಾಗುತ್ತದೆಯೇ? ಅಲ್ಲೂ ಅದೇ ತಕರಾರು.

ಆಮೇಲೆ ಕಂಟ್ರೋಲ್ ಕೀ ಒತ್ತಿ ಹಿಡಿದು ಔಟ್‌ಲುಕ್ ತೆರೆದೆ. ಸೇಫ್ ಮೋಡ್ ಬೇಕೇ ಎಂದು ಕೇಳಿತು, ಹೌದು ಎಂದೆ. ಅದೇ ಮೇಲ್‌ಗಳನ್ನೇ ತೆಗೆದು ಮುಚ್ಚಿದೆ. ಏರಿದ ಅಂಕಿ ಇಳಿಯತೊಡಗಿತು. ಸೇಫ್ ಮೋಡ್‌ನಲ್ಲಿ ಆಡ್-ಇನ್‌ಗಳು ಲೋಡ್ ಆಗುವುದಿಲ್ಲ. ಅಂದಮೇಲೆ ಸೋರಿಕೆ ಅವುಗಳಲ್ಲೇ ಇದೆ.

ಆಪ್ಶನ್ಸ್ ಒಳಗೆ ‘ಕಾಮ್ ಆಡ್-ಇನ್ಸ್’ ಪಟ್ಟಿ ತೆಗೆದರೆ ಜಾತ್ರೆಯೇ ನೆರೆದಿತ್ತು: ಆಂಟಿವೈರಸ್‌ನದು, ಪಿಡಿಎಫ್ ಮಾಡುವುದು, ವಿಡಿಯೋ ಮೀಟಿಂಗಿನದು, ಕ್ಲೈಂಟ್‌ವಾರು ಮೇಲ್ ವಿಂಗಡಿಸುವುದು. ಇವೆಲ್ಲ ಬೇರೆ ಬೇರೆ ಕಂಪನಿಯವಾದರೂ ಔಟ್‌ಲುಕ್‌ನ ಒಳಗೇ, ಅದೇ 2 ಜಿಬಿಯಲ್ಲೇ ಓಡುತ್ತವೆ. ಅರ್ಧ ಪಟ್ಟಿಯ ಟಿಕ್ ತೆಗೆದು ಮರುಚಾಲನೆ, ಮತ್ತೆ ಅದರಲ್ಲಿ ಅರ್ಧ. ಸಂಜೆಗೆ ಸಿಕ್ಕಿತು, ಮೇಲ್ ವಿಂಗಡಿಸುವುದರದ್ದೇ ಕೆಲಸ. ಲಗತ್ತುಗಳನ್ನೆಲ್ಲ ತೆರೆದು ಓದಿ, ಹಿಡಿದ ಮೆಮರಿ ಬಿಡದೆ ಕೂರುತ್ತಿದೆ.

ಸೆಪ್ಟೆಂಬರ್ 14, ಗುರುವಾರ

ಆ ಆಡ್-ಇನ್ ತೆಗೆದ ಮೇಲೆ ನಿನ್ನೆ ಇಡೀ ದಿನ ಸಂದೇಶ ಬರಲಿಲ್ಲ. ಇವತ್ತು ಒಂದು ಸಲ ಬಂತು, ಹಳೇ ಮೇಲ್ ಹುಡುಕುವಾಗ. ಹಾಗಾದರೆ ಇನ್ನೊಂದು ಕಾರಣವೂ ಇದೆ.

ಡೇಟಾ ಫೈಲ್ ನೋಡಿದೆ. ಮೇಲ್ ಇಡುವ ಮುಖ್ಯ ಪಿಎಸ್‌ಟಿ ಫೈಲ್ ಒಂದೇ 41 ಜಿಬಿ. ಔಟ್‌ಲುಕ್ 2010ರಿಂದೀಚೆಗೆ ಅದರ ಸಾಮಾನ್ಯ ಮಿತಿ 50 ಜಿಬಿ. 2003 ಮತ್ತು 2007ರಲ್ಲಿ 20 ಜಿಬಿ ಇತ್ತು. ರಿಜಿಸ್ಟ್ರಿಯಲ್ಲಿ ಮಿತಿ ಹೆಚ್ಚಿಸುವುದು ಸುಲಭ, ಅಷ್ಟು ದೊಡ್ಡ ಫೈಲನ್ನು ಸಾಕುವುದೇ ಕಷ್ಟ. ಅದರ ಜೊತೆಗೆ ಹಿರಿಯ ಆಡಿಟರ್ ಕಾಲದ ಹಳೇ ಪಿಎಸ್‌ಟಿಯೊಂದನ್ನೂ ಪ್ರೊಫೈಲಿಗೆ ಸೇರಿಸಿಟ್ಟಿದ್ದಾರೆ. ಅದು 97-2002ರ ಮಾದರಿಯದು. ಆ ಮಾದರಿಗೆ 2 ಜಿಬಿಯೇ ಕಟ್ಟಕಡೆ, ಇದು ಅಂಚಿಗೆ ಬಂದು ನಿಂತಿದೆ. ಹಳೇ ಮಾದರಿಯನ್ನು ಹೊಸದಕ್ಕೆ ತಿರುಗಿಸುವ ಗುಂಡಿ ಇಲ್ಲ. ಹೊಸ ಫೈಲ್ ಮಾಡಿ, ಮೇಲ್‌ಗಳನ್ನು ಅಲ್ಲಿಗೆ ನಕಲು ಮಾಡಬೇಕು.

“ಹಳೇವು ಒಂದಿಷ್ಟು ಡಿಲೀಟ್ ಹೊಡದ್ರ ಹೆಂಗ್ರಿ ಸರ್?” ಎಂದು ಕೇಳಿದೆ.

“ಆಗಂಗಿಲ್ಲ ನೋಡಪಾ. ಆಡಿಟ್ ಕಾಗದ ಏಳು ವರ್ಷ ಇಡಬೇಕು. ಕಂಪನಿ ಲೆಕ್ಕದ ಪುಸ್ತಕ ಎಂಟು ವರ್ಷ. ನಾಳೆ ನೋಟಿಸ್ ಬಂದ್ರ ಈ ಮೇಲ್‌ಗಳೇ ಸಾಕ್ಷಿ ನಮಗ” ಎಂದರು ಆಡಿಟರ್.

ಅವರು ಹೇಳುವುದು ಸರಿ. ಅಳಿಸುವ ದಾರಿ ಮುಚ್ಚಿದೆ, ವಿಂಗಡಿಸುವ ದಾರಿ ಒಂದೇ ಉಳಿದಿದೆ.

ಸೆಪ್ಟೆಂಬರ್ 16, ಶನಿವಾರ

ದುರ್ಗದಬೈಲ್ ಹತ್ತಿರದ ಪ್ರೆಸ್ಸಿನಲ್ಲಿ ಥಂಡರ್‌ಬರ್ಡ್ ತೆರೆಯಲು ಹತ್ತು ನಿಮಿಷ ತೆಗೆದುಕೊಳ್ಳುತ್ತಿದೆಯಂತೆ. ಗಣಪತಿ ಮಂಡಳಿಗಳ ಬ್ಯಾನರ್, ಆಮಂತ್ರಣದ ಡಿಸೈನ್ ಎಲ್ಲ ಅದರಲ್ಲೇ ಬರುವುದು.

ಇಲ್ಲಿನ ಏರ್ಪಾಡೇ ಬೇರೆ. ಥಂಡರ್‌ಬರ್ಡ್‌ನಲ್ಲಿ ಸಾಮಾನ್ಯವಾಗಿ ಒಂದು ಫೋಲ್ಡರಿಗೆ ಒಂದೇ ಉದ್ದನೆಯ ಎಂಬಾಕ್ಸ್ ಫೈಲ್. ಮೇಲ್ ಅಳಿಸಿದರೆ ಅಳಿಸಿದ ಗುರುತು ಬೀಳುತ್ತದೆಯೇ ಹೊರತು ಫೈಲಿನಿಂದ ಕೂಡಲೇ ಹೋಗುವುದಿಲ್ಲ. ಜೊತೆಗೆ ಲಗತ್ತುಗಳು ಬೇಸ್64 ರೂಪದಲ್ಲಿರುತ್ತವೆ, ಮೂರು ಬೈಟ್ ಇದ್ದದ್ದು ನಾಲ್ಕಾಗುತ್ತದೆ. 15 ಎಂಬಿಯ ಬ್ಯಾನರ್ ಅಲ್ಲಿ 20 ಎಂಬಿ. ಇನ್‌ಬಾಕ್ಸ್‌ನಲ್ಲಿ ಕಾಣುವ ಮೇಲ್ ನೂರಿನ್ನೂರು, ಫೈಲ್ ಮಾತ್ರ 9 ಜಿಬಿ. ಹೊಸ ಮೇಲ್ ಬಂದಾಗಲೆಲ್ಲ ಆಂಟಿವೈರಸ್ ಅದನ್ನು ಮೊದಲಿನಿಂದ ತಡಕಾಡುತ್ತದೆ.

ಪ್ರೊಫೈಲ್ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡು, ಇನ್‌ಬಾಕ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಾಂಪ್ಯಾಕ್ಟ್’ ಕೊಟ್ಟೆ. ಅದು ಹೊಸ ಫೈಲನ್ನೇ ಬರೆಯುವುದರಿಂದ ಡಿಸ್ಕ್‌ನಲ್ಲಿ ಖಾಲಿ ಜಾಗ ಇರಬೇಕು. ಮುಗಿದ ಮೇಲೆ 9 ಇದ್ದದ್ದು 2 ಜಿಬಿಗೆ ಇಳಿಯಿತು. ಪ್ರೆಸ್ಸಿನ ಯಜಮಾನರು ಕೊಟ್ಟ ಮಿರ್ಚಿ ತಿಂದು ಮನೆಗೆ ಬಂದೆ.

ಸೆಪ್ಟೆಂಬರ್ 18, ಸೋಮವಾರ

ಚೌತಿ. ಪೂಜೆ ಮುಗಿಸಿ, ಕಡುಬು ತಿಂದು ಆಡಿಟರ್ ಆಫೀಸಿನ ಕೀಲಿ ಇಸಿದುಕೊಂಡು ಹೋದೆ. ಆಫೀಸ್ ಖಾಲಿ ಇದ್ದಾಗಲೇ ಇಂಥ ಕೆಲಸ ಮಾಡಬೇಕು.

ಮೊದಲು ಔಟ್‌ಲುಕ್ ಮುಚ್ಚಿ, ಪಿಎಸ್‌ಟಿಯನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿದೆ. ಆಮೇಲೆ ಪ್ರೋಗ್ರಾಂ ಫೈಲ್ಸ್‌ನ ‘ಎಕ್ಸ್86’ ಫೋಲ್ಡರಿನೊಳಗೆ ‘ಆಫೀಸ್15’ ಹುಡುಕಿ ‘ಸ್ಕ್ಯಾನ್‌ಪಿಎಸ್‌ಟಿ’ ಓಡಿಸಿದೆ. ಮೈಕ್ರೋಸಾಫ್ಟ್ ಔಟ್‌ಲುಕ್ ಜೊತೆಗೇ ಕೊಡುವ ರಿಪೇರಿ ಸಾಧನ ಇದು, ಮೆನುವಿನಲ್ಲಿ ಕಾಣಿಸದು. ಎಂಟು ಹಂತದ ತಪಾಸಣೆ. ದೋಷ ಸಿಕ್ಕಿದೆ ಎಂದು ಹೇಳಿ, ರಿಪೇರಿಗೆ ಮೊದಲು ಬ್ಯಾಕಪ್ ಮಾಡಲೇ ಎಂದು ಕೇಳುತ್ತದೆ. ಆ ಟಿಕ್ ಯಾವತ್ತೂ ತೆಗೆಯಬಾರದು. ರಿಪೇರಿ ಮುಗಿದ ಮೇಲೆ ಮತ್ತೊಮ್ಮೆ ಓಡಿಸಿ, ದೋಷವಿಲ್ಲ ಎಂದು ಅದೇ ಹೇಳುವ ತನಕ ಬಿಡಬಾರದು. ತಬ್ಬಲಿಯಾಗಿದ್ದ ಕೆಲವು ಮೇಲ್‌ಗಳು ‘ಲಾಸ್ಟ್ ಅಂಡ್ ಫೌಂಡ್’ ಫೋಲ್ಡರಿನಲ್ಲಿ ಬಂದು ಕೂತಿವೆ.

ಹಾಳಾದ ಫೈಲಿನಲ್ಲಿ ಹುಡುಕಾಡುವಾಗಲೂ ಇದೇ ಮೆಮರಿ ಸಂದೇಶ ಬರಬಹುದು. ಗುರುವಾರ ಬಂದದ್ದಕ್ಕೆ ಫೈಲಿನ ಗಾತ್ರದ ಜೊತೆ ಇದೂ ಕಾರಣವಿರಬೇಕು.

ಸೆಪ್ಟೆಂಬರ್ 20, ಬುಧವಾರ

ಜಿಎಸ್‌ಟಿಆರ್-3ಬಿ ತುಂಬುವ ದಿನ. ಯಾವ ಗಲಾಟೆಯೂ ಇಲ್ಲದೆ ಮುಗಿಯಿತು. ಸಂಜೆ ಆಡಿಟರ್ ಜೊತೆ ಕೂತು ಮಾತಾಡಿದೆ. 2013ರ ಆವೃತ್ತಿಗೆ ಈ ಏಪ್ರಿಲ್ 11ಕ್ಕೇ ಮೈಕ್ರೋಸಾಫ್ಟ್ ಬೆಂಬಲ ಮುಗಿದಿದೆ, ಭದ್ರತಾ ಅಪ್‌ಡೇಟ್ ಬರುವುದಿಲ್ಲ. ಹೊಸದು ಹಾಕುವುದಾದರೆ 64-ಬಿಟ್ಟೇ ಹಾಕೋಣ ಎಂದೆ.

“ಆ ಮೇಲ್ ವಿಂಗಡಿಸೂದು ನಡೀತದೇನು ಅದರಾಗ?”

“ಇಲ್ರಿ ಸರ್. 32-ಬಿಟ್‌ಗೆ ಮಾಡಿದ ಆಡ್-ಇನ್ 64ರಾಗ ಲೋಡ್ ಆಗಂಗಿಲ್ಲ. ಒಂದ್ ವೇಳೆ ಅವರು 64ರದ್ದು ಕೊಟ್ರೂ, ಸೋರೂದು ಹಂಗ ಇದ್ರ ಸಂಜಿಗೆ ಬರೂ ತ್ರಾಸು ನಾಲ್ಕ್ ದಿನಾ ಬಿಟ್ಟು ಬರ್ತೈತಿ, ಅಷ್ಟ.”

ಸ್ವಲ್ಪ ಹೊತ್ತು ಯೋಚಿಸಿ, “ಹಂಗಾರ ತಗದ ಬಿಡು. ರೂಲ್ಸ್ ಹಚ್ಚಿ ಕೊಡು, ಫೋಲ್ಡರ್ ನಾವ ಮಾಡ್ಕೊಂತೀವಿ” ಎಂದರು.

ಸೆಪ್ಟೆಂಬರ್ 23, ಶನಿವಾರ

32-ಬಿಟ್ ಆಫೀಸ್ ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ 64-ಬಿಟ್ ಹಾಕಿದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲಾಗದು. ಪಿಎಸ್‌ಟಿಗೆ ಬಿಟ್ ಭೇದವಿಲ್ಲ, ಎರಡರಲ್ಲೂ ತೆರೆಯುತ್ತದೆ.

ಆಮೇಲೆ ಹಣಕಾಸು ವರ್ಷಕ್ಕೊಂದರಂತೆ ಹೊಸ ಪಿಎಸ್‌ಟಿ ಮಾಡಿ ಮೇಲ್ ಹಂಚಿದೆ. ಈ ವರ್ಷದ್ದು ಮತ್ತು ಹೋದ ವರ್ಷದ್ದು ಮಾತ್ರ ಪ್ರೊಫೈಲಿನಲ್ಲಿ. ಉಳಿದವು ಡಿಸ್ಕ್‌ನಲ್ಲಿ ಇರುತ್ತವೆ, ಬೇಕೆನಿಸಿದಾಗ ತೆರೆದು ಮುಚ್ಚುವುದು. ಆರ್ಟಿಕಲ್‌ಶಿಪ್ ಹುಡುಗ ಅವನ್ನು ಸರ್ವರಿನ ಹಂಚಿಕೆ ಫೋಲ್ಡರಿನಲ್ಲಿಟ್ಟು ಅಲ್ಲಿಂದಲೇ ತೆರೆಯೋಣ ಎಂದ. ಬೇಡ ಎಂದೆ. ನೆಟ್‌ವರ್ಕ್ ಮೂಲಕ ಪಿಎಸ್‌ಟಿ ಬಳಸುವುದಕ್ಕೆ ಮೈಕ್ರೋಸಾಫ್ಟ್‌ನ ಸಮ್ಮತಿಯೇ ಇಲ್ಲ. ಲೈನ್ ಒಂದು ಕ್ಷಣ ಕಡಿದರೂ ಫೈಲ್ ಕೆಡಬಹುದು. ಬ್ಯಾಕಪ್ ನಕಲು ಮಾತ್ರ ಸರ್ವರಿನಲ್ಲಿರಲಿ.

ಹೆಚ್ಚಿಗೆ ಹಾಕಿಸಿದ ಆ 8 ಜಿಬಿಗೆ ಔಟ್‌ಲುಕ್ ಮಟ್ಟಿಗೆ ಇವತ್ತಿನಿಂದ ಕೆಲಸ ಸಿಕ್ಕಂತಾಯಿತು.

ಸೆಪ್ಟೆಂಬರ್ 25, ಸೋಮವಾರ

ವಿದ್ಯಾನಗರದ ಕ್ಲಿನಿಕ್ ಒಂದರಿಂದ ಕರೆ. ಇಲ್ಲೂ “ಮೆಮರಿ ಎರರ್”, ಇಲ್ಲೂ ಮೇಲ್. ಆದರೆ ಕೇಳುತ್ತಾ ಹೋದಂತೆ ಕಥೆ ಬೇರೆಯಾಯಿತು. ಬ್ರೌಸರಿನ ಟ್ಯಾಬ್ ತಾನಾಗಿಯೇ ಸಾಯುತ್ತದೆ, ಜಿಪ್ ಫೈಲ್ ಬಿಚ್ಚುವಾಗ ತಪ್ಪು ತೋರಿಸುತ್ತದೆ, ನಡುನಡುವೆ ನೀಲಿ ಪರದೆ. ಮೇಲ್ ಸಾಫ್ಟ್‌ವೇರ್ ಒಂದೇ ಅಲ್ಲ, ಎಲ್ಲವೂ ಸೋಲುತ್ತಿವೆ.

‘ಎಂಡಿಸ್ಕೆಡ್’ ಎಂದು ಟೈಪ್ ಮಾಡಿ ವಿಂಡೋಸ್ ಮೆಮರಿ ಡಯಾಗ್ನಾಸ್ಟಿಕ್ ಹಚ್ಚಿ ರೀಸ್ಟಾರ್ಟ್ ಮಾಡಿದೆ. ಹಾರ್ಡ್‌ವೇರ್ ದೋಷ ಎಂದೇ ಬಂತು. ರ‍್ಯಾಮ್ ಪಟ್ಟಿಗಳನ್ನು ಕಿತ್ತು, ಕಾಲುಗಳನ್ನು ರಬ್ಬರಿನಿಂದ ಉಜ್ಜಿ, ಒಂದೊಂದನ್ನೇ ಹಾಕಿ ಪರೀಕ್ಷಿಸಿದೆ. ಒಂದು ಪಟ್ಟಿ ಯಾವ ಸ್ಲಾಟಿಗೆ ಹಾಕಿದರೂ ತಪ್ಪು ತೋರಿಸಿತು. ಅದನ್ನು ಬದಲಾಯಿಸಿದ ಮೇಲೆ ಎಲ್ಲ ಸರಿಯಾಯಿತು. ರ‍್ಯಾಮ್ ಬದಲಿಸಬೇಕಾದ ಕೇಸು ಅಂದರೆ ಇದು.

ಸೆಪ್ಟೆಂಬರ್ 30, ಶನಿವಾರ

ಟ್ಯಾಕ್ಸ್ ಆಡಿಟ್ ವರದಿಗೆ ಕಡೇ ದಿನ. ನಿನ್ನೆ ಕಾವೇರಿ ನೀರಿನ ಸಲುವಾಗಿ ಕರ್ನಾಟಕ ಬಂದ್ ಇದ್ದದ್ದರಿಂದ ಆಡಿಟರ್ ಆಫೀಸಿನಲ್ಲಿ ಇವತ್ತು ಎರಡು ದಿನದ ಕೆಲಸ. ಸಂಜೆ ಹೋಗಿ ನೋಡಿದೆ. ಬೆಳಿಗ್ಗೆಯಿಂದ ತೆರೆದೇ ಇದ್ದ ಔಟ್‌ಲುಕ್ 900 ಎಂಬಿಯ ಆಚೀಚೆ ಏರಿಳಿಯುತ್ತಿತ್ತು. ಏರಿದ್ದು ಇಳಿಯುತ್ತಿದೆ, ಅದೇ ಮುಖ್ಯ.

ನಮ್ಮ ಅಂಗಡಿಯ ಹುಡುಗರಿಗೆ ಹೇಳಿಕೊಡಲು ಕ್ರಮ ಬರೆದಿಡುತ್ತೇನೆ. ಮೆಮರಿ ಮುಗಿದಿದೆ ಎಂಬ ಸಂದೇಶ ಬಂದರೆ ಮೊದಲು ಟಾಸ್ಕ್ ಮ್ಯಾನೇಜರ್ ನೋಡು. ರ‍್ಯಾಮ್ ಖಾಲಿಯಿದ್ದರೆ 32-ಬಿಟ್ಟೋ 64-ಬಿಟ್ಟೋ ಕೇಳು. ಸೇಫ್ ಮೋಡ್‌ನಲ್ಲಿ ಸರಿಹೋದರೆ ಆಡ್-ಇನ್ ಹಿಡಿ. ಹೋಗದಿದ್ದರೆ ಡೇಟಾ ಫೈಲಿನ ಗಾತ್ರ ನೋಡು, ಮಾದರಿ ನೋಡು, ನಕಲು ಇಟ್ಟುಕೊಂಡು ರಿಪೇರಿ ಮಾಡು. ಬೇರೆ ಪ್ರೋಗ್ರಾಂಗಳೂ ಸಾಯುತ್ತಿದ್ದರೆ ಮಾತ್ರ ಪಟ್ಟಿ ಕಿತ್ತು ಪರೀಕ್ಷಿಸು. ಅಳತೆ ಮಾಡದೆ ಗಿರಾಕಿಗೆ ರ‍್ಯಾಮ್ ಮಾರುವುದು ರಿಪೇರಿಯಲ್ಲ, ಬರೀ ವ್ಯಾಪಾರ.