ಕರಿಯ ನಾಡಿನ ಪಾನಗೃಹದಲ್ಲಿ

ಉಪಾಧ್ಯಾಯನಾದವನು ಪಾನಗೃಹದ ವಿಷಯವಾಗಿ ಬರೆಯುವುದು ಉಚಿತವೇ ಎಂದು ವಾಚಕರು ಕೇಳಬಹುದು. ನಾನೂ ಹಾಗೆಯೇ ಕೇಳಿಕೊಂಡೆನು. ಮೂವತ್ತು ವರ್ಷಗಳ ಕಾಲ ಮಕ್ಕಳಿಂದ ಪಾನನಿಷೇಧದ ಮೇಲೆ ಪ್ರಬಂಧ ಬರೆಸಿದವನು ನಾನು. ಅಂಥವನು ಎಪ್ಪತ್ತರ ಸಮೀಪದಲ್ಲಿ, ಜೂಜುವಾಡಿಯಿಂದ ಅಷ್ಟು ದೂರ ಹೋಗಿ, ಅರ್ಧ ಲೋಟ ಬಿಯರು ಕುಡಿದು ಬಂದುದನ್ನು ಮುಚ್ಚಿಡುವುದಕ್ಕಿಂತ ಹೇಳಿಬಿಡುವುದೇ ಮೇಲು.

ನನ್ನ ತಮ್ಮನ ಮಗನು ಇಂಗ್ಲೆಂಡಿನ ಡಡ್ಲಿ ಪಟ್ಟಣದಲ್ಲಿ ಉದ್ಯೋಗದಲ್ಲಿದ್ದಾನೆ. 2019ರ ಬೇಸಗೆಯಲ್ಲಿ ಅವನು ನನ್ನನ್ನು ಅಲ್ಲಿಗೆ ಕರೆಸಿಕೊಂಡನು. ಆ ಸೀಮೆಗೆ ‘ಬ್ಲ್ಯಾಕ್ ಕಂಟ್ರಿ’, ಎಂದರೆ ಕರಿಯ ನಾಡು, ಎಂದು ಹೆಸರು. ಕರ್ನಾಟಕವೆಂಬ ಹೆಸರಿಗೂ ಕರಿಯ ಮಣ್ಣಿನ ನಾಡೆಂದು ಅರ್ಥ ಹೇಳುವವರುಂಟಷ್ಟೆ. ಅಲ್ಲಿ ಕರಿದಾದುದು ನೆಲದೊಳಗಿನ ಕಲ್ಲಿದ್ದಲು, ಮತ್ತು ಆಕಾಶದ ಹೊಗೆ. ಸುಮಾರು 30 ಅಡಿ ದಪ್ಪದ ಕಲ್ಲಿದ್ದಲಿನ ಪದರವೊಂದು ಆ ನೆಲದಡಿಯಲ್ಲಿದ್ದಿತು. ಅದನ್ನು ನೆಚ್ಚಿ ನೂರಾರು ಕುಲುಮೆಗಳೆದ್ದವು. ಟೈಟಾನಿಕ್ ಹಡಗಿನ ದೊಡ್ಡ ಲಂಗರು ಸಿದ್ಧವಾದುದು ಅಲ್ಲಿಯ ನೆದರ್‌ಟನ್ ಎಂಬ ಊರಿನಲ್ಲಿ. ಸುಮಾರು 16 ಟನ್ ತೂಕದ ಆ ಲಂಗರನ್ನು 1911ರಲ್ಲಿ 20 ಕುದುರೆಗಳು ಡಡ್ಲಿಯ ರೈಲು ನಿಲ್ದಾಣಕ್ಕೆ ಎಳೆದುವು. ಈಗ ಗಣಿಗಳು ಮುಚ್ಚಿವೆ, ಹೊಗೆಯಿಲ್ಲ. ಉಳಿದಿರುವುವು ಕಾಲುವೆಗಳು, ಕೆಂಪು ಇಟ್ಟಿಗೆಯ ಮನೆಗಳು, ಹಳೆಯ ಪಾನಗೃಹಗಳು.

ಅದೇ ನೆದರ್‌ಟನ್ನಿನ ‘ಓಲ್ಡ್ ಸ್ವಾನ್’ ಎಂಬ ಪಾನಗೃಹಕ್ಕೆ ಹುಡುಗನು ಒಂದು ಸಂಜೆ ನನ್ನನ್ನು ಕರೆದೊಯ್ದನು. ಬಹುಕಾಲ ಅದನ್ನು ನಡೆಸಿದ ಪಾರ್ಡೋ ಎಂಬಾಕೆಯ ಹೆಸರಿನಿಂದ ಜನರು ಅದನ್ನು ಇಂದಿಗೂ ‘ಮಾ ಪಾರ್ಡೋ’ ಮನೆಯೆಂದು ಕರೆಯುತ್ತಾರೆ. ತನ್ನ ಬಿಯರನ್ನು ತಾನೇ ಕಾಸಿಕೊಳ್ಳುವ ಪಾನಗೃಹಗಳು 1970ರ ದಶಕದ ಆರಂಭದ ಹೊತ್ತಿಗೆ ಇಂಗ್ಲೆಂಡಿನಲ್ಲಿ ನಾಲ್ಕೇ ಉಳಿದಿದ್ದುವು. ಅವುಗಳಲ್ಲಿ ಇದೂ ಒಂದು. ಒಳಗಿನ ಮಾಳಿಗೆಗೆ ಬಿಳಿಯ ಎನಾಮಲ್ ಹಲಗೆಗಳು. ಅವುಗಳ ನಡುವೆ ಒಂದು ಹಂಸದ ಚಿತ್ರ. ಮುದುಕರು ಬೆಂಚುಗಳ ಮೇಲೆ ಕುಳಿತಿದ್ದರು. ಒಬ್ಬಾಕೆ ಮೊಮ್ಮಗನಿಗೆ ಊಟ ಮಾಡಿಸುತ್ತಿದ್ದಳು. ಹೆಂಡದಂಗಡಿಯೆಂದರೆ ಗೋಡೆಯ ಕಡೆಗೆ ಮುಖ ಮಾಡಿ, ನಿಂತು, ಗುಟುಕರಿಸಿ ಓಡುವ ಜಾಗವೆಂದು ಬಲ್ಲ ನನಗೆ ಇದು ಹೊಸದಾಗಿತ್ತು.

ನಾನು ತೆಗೆದುಕೊಂಡುದು ‘ಮೈಲ್ಡ್’ ಎಂಬ ಕಪ್ಪು ಬಿಯರು. ನೆಲಮಾಳಿಗೆಯ ಪೀಪಾಯಿಯಿಂದ ಅದನ್ನು ಕೈಪಂಪಿನಿಂದ ಮೇಲಕ್ಕೆ ಎಳೆಯುತ್ತಾರೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹುರಿಯುವುದು ಮೊದಲ ಕೆಲಸ. ನಮ್ಮ ಮನೆಗಳಲ್ಲಿ ಎಳೆಯ ಮಕ್ಕಳಿಗೆಂದು ರಾಗಿಯ ಮೊಳಕೆ ಹಿಟ್ಟು ಮಾಡುವಂತೆಯೇ. ಆಮೇಲೆ ಅದನ್ನು ಬಿಸಿನೀರಿನಲ್ಲಿ ಕಲಸಿ, ರಸ ಬಸಿದು, ಹಾಪ್ ಎಂಬ ಬಳ್ಳಿಯ ಕಹಿ ಹೂಗಳನ್ನು ಹಾಕಿ ಕುದಿಸಿ, ಹುದುಗೆಬ್ಬಿಸುತ್ತಾರೆ. ರುಚಿ ಸುಟ್ಟ ಬೆಲ್ಲದ ನೀರಿನಂತೆ. ಕೊನೆಯಲ್ಲಿ ತುಸು ಕಹಿ. ಕುಲುಮೆಯ ಮುಂದೆ ಬೆವರಿದವರು ಇದನ್ನು ಬಾಯಾರಿಕೆಗೆಂದು ಕುಡಿಯುತ್ತಿದ್ದರಂತೆ. ಹುಡುಗನು ತನಗೆ ಕಿತ್ತಳೆಯ ರಸ ತರಿಸಿಕೊಂಡನು. ಅವನು ಮದ್ಯವನ್ನು ಮುಟ್ಟುವುದಿಲ್ಲ.

ಲೋಟದಿಂದೆದ್ದ ಹುಳಿ ವಾಸನೆಗೆ ನನಗೆ ನಮ್ಮ ತಾತನ ಮಡಕೆಗಳು ನೆನಪಾದುವು. ತಾತನು ಈಚಲು ಮರದಿಂದ ಹೆಂಡ ಇಳಿಸುತ್ತಿದ್ದವನು. ನಮ್ಮ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರು ಮದರಾಸಿನ ಪ್ರಧಾನಿಯಾಗಿ, 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧವನ್ನು ತಂದರು. ಹೊಸೂರು ಆಗ ಸೇಲಂ ಜಿಲ್ಲೆಗೆ ಸೇರಿತ್ತು. ತಾತನ ಕಸುಬು ಅಂದೇ ಹೋಯಿತು. ಬೊಕ್ಕಸದ ನಷ್ಟವನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆ ಬಂದಿತು. ನಿಷೇಧವು 1971ರಲ್ಲಿ ಹೋಯಿತು, ಮತ್ತೆ ಬಂದಿತು, ಮತ್ತೆ ಹೋಯಿತು. ತೆರಿಗೆ ಮಾತ್ರ ಬೇರೆ ಬೇರೆ ಹೆಸರಿನಲ್ಲಿ ಉಳಿದುಕೊಂಡಿದೆ. ತಾತನು ಕೊನೆಯವರೆಗೂ ರಾಜಾಜಿಯವರನ್ನು ಬಯ್ಯುತ್ತಿದ್ದನು. ಅಜ್ಜಿ ಮಾತ್ರ, “ನಮ್ಮ ಒಲೆ ಆರಿದ್ದು ನಿಜ, ಬೀದಿಯ ಹೆಂಗಸರ ಅಳು ನಿಂತದ್ದೂ ನಿಜ” ಎನ್ನುತ್ತಿದ್ದಳು.

ಕರಿಯ ನಾಡಿನಲ್ಲಿಯೂ ಆ ಅಳು ಇತ್ತು. ಜಿನ್ ಎಂಬ ಉಗ್ರ ಮದ್ಯದಿಂದ ಜನರನ್ನು ಬಿಡಿಸಬಹುದೆಂಬ ಆಸೆಯಿಂದಲೂ 1830ರಲ್ಲಿ ಪಾರ್ಲಿಮೆಂಟು ಬಿಯರಿನ ಮಾರಾಟವನ್ನು ಸಡಿಲಿಸಿತು. ಎರಡು ಗಿನಿ ಕಟ್ಟಿದ ಗೃಹಸ್ಥನು ತನ್ನ ಮನೆಯಲ್ಲಿಯೇ ಮಾರಬಹುದಾಯಿತು. ಕೂಲಿಯನ್ನು ಪಾನಗೃಹದಲ್ಲಿಯೇ ಬಟವಾಡೆ ಮಾಡುವ ಪದ್ಧತಿಯಿದ್ದುದರಿಂದ ಅದನ್ನು ತಡೆಯಲು 1883ರಲ್ಲಿ ಇನ್ನೊಂದು ಕಾಯಿದೆ ಬೇಕಾಯಿತು. ಆದಕಾರಣ ಅಲ್ಲಿಯ ಬೆಂಚನ್ನು ನೋಡಿ ನಾನು ಮರುಳಾಗಲಿಲ್ಲ.

ಆದರೆ ಆ ಬೆಂಚಿನ ಮೇಲೆಯೇ ನನಗೊಂದು ಮಾತು ಕೇಳುವುದಿತ್ತು. ಹೊಸೂರಿನ ಕೈಗಾರಿಕಾ ವಸಾಹತು ಬೆಳೆದಾಗ ನನ್ನ ತಮ್ಮನು ಒಂದು ಕಾರ್ಖಾನೆಗೆ ಸೇರಿದನು. ಪಾಳಿ ಮುಗಿದ ಮೇಲೆ ಕುಡಿಯುವುದನ್ನು ಕಲಿತನು. ಒಂದು ಸಂಬಳದ ದಿನ ಶಾಲೆಯ ಬಾಗಿಲಿಗೆ ಬಂದು, “ಅಣ್ಣ, ನಿನ್ನ ಹತ್ತಿರ ಸ್ವಲ್ಪ ಹೊತ್ತು ಕೂತು ಮಾತಾಡಬೇಕು” ಎಂದನು. ಬಾಯಿಯಲ್ಲಿ ವಾಸನೆಯಿತ್ತು, ವಿದ್ಯಾರ್ಥಿಗಳು ನೋಡುತ್ತಿದ್ದರು. “ಕುಡಿತ ಬಿಟ್ಟು ಬಾ, ಆಮೇಲೆ ಮಾತು” ಎಂದು ನಾನು ಒಳಗೆ ನಡೆದೆನು. ಅವನು ಮತ್ತೆ ಬರಲಿಲ್ಲ. 2008ರಲ್ಲಿ ತೀರಿಕೊಂಡನು.

ಹುಡುಗನು ಲೋಟವನ್ನು ಕೆಳಗಿಟ್ಟು ಹೇಳಿದನು: “ದೊಡ್ಡಪ್ಪ, ಏಳನೇ ತರಗತಿಯಲ್ಲಿ ನೀವು ಕುಡಿತದ ಕೇಡಿನ ಮೇಲೆ ಪ್ರಬಂಧ ಬರೆಸಿದ್ದು ನೆನಪಿದೆಯಾ? ಕುಡುಕ ಸಮಾಜಕ್ಕೆ ಕಳಂಕ ಅಂತ ಬರೆದಿದ್ದೆ. ಹತ್ತಕ್ಕೆ ಒಂಬತ್ತು ಕೊಟ್ಟಿರಿ. ಅಪ್ಪ ಅದನ್ನು ಓದಿದರು. ಅಕ್ಷರ ಚೆನ್ನಾಗಿದೆ ಕಣೋ ಅಂದರು, ಅಷ್ಟೇ.”

ನನಗೆ ಉತ್ತರ ಹೊಳೆಯಲಿಲ್ಲ. ಲೋಟದಲ್ಲಿ ಉಳಿದುದನ್ನು ಕುಡಿಯಲೂ ಆಗಲಿಲ್ಲ. ಆ ಸಾಲನ್ನು ಅವನು ತಾನಾಗಿ ಬರೆದುದಲ್ಲ. ಕರಿಹಲಗೆಯ ಮೇಲೆ ಬರೆದವನು ನಾನು.

ಕುಡಿತ ಕೆಟ್ಟದ್ದೆಂಬ ಪಾಠವನ್ನು ನಾನು ಇಂದೂ ತಿದ್ದುವವನಲ್ಲ. ಅಜ್ಜಿಯ ಮಾತು ನನಗೆ ಪ್ರಮಾಣ. ಆದರೆ ಈ ಪತ್ರಿಕೆಯನ್ನೋದುವ ನನ್ನ ಉಪಾಧ್ಯಾಯ ಮಿತ್ರರಲ್ಲಿ ಒಂದು ವಿಜ್ಞಾಪನೆಯಿದೆ. ಆ ಪ್ರಬಂಧವನ್ನು ಬರೆಸುವ ಮೊದಲು ತರಗತಿಯನ್ನೊಮ್ಮೆ ನೋಡಿರಿ. ಅಂಥ ಮನೆಯ ಮಗುವೊಂದು ಎಲ್ಲೋ ಒಂದು ಬೆಂಚಿನಲ್ಲಿ ತಲೆ ತಗ್ಗಿಸಿ, ದುಂಡಾದ ಅಕ್ಷರಗಳಲ್ಲಿ, ನೀವು ಹೇಳಿದುದನ್ನೇ ಬರೆಯುತ್ತಿರಬಹುದು.