ಆಂಗ್ಲ ಹಳ್ಳಿಗಳ ಛಾಯಾಚಿತ್ರಗಳು

ಕಂಡದ್ದನ್ನು ಕಂಡಂತೆ ಹಿಡಿದಿಡುವ ಕಲೆಯೇ ಛಾಯಾಗ್ರಹಣವೆಂಬುದು ಸಾಮಾನ್ಯವಾದ ನಂಬಿಕೆ. ಆದರೆ ಕ್ಯಾಮೆರಾ ಹಿಡಿದವನಿಗೂ, ಅನಂತರ ಗಣಕಯಂತ್ರದ ಮುಂದೆ ಕುಳಿತು ಚಿತ್ರವನ್ನು ತಿದ್ದುವವನಿಗೂ ಏನನ್ನು ಉಳಿಸಬೇಕು, ಏನನ್ನು ಅಳಿಸಬೇಕು ಎಂಬ ಹೊಣೆ ತಪ್ಪಿದ್ದಲ್ಲ. ಮಗನ ಮನೆಗೆಂದು ಇಂಗ್ಲೆಂಡಿಗೆ ಹೋದಾಗ ಅಲ್ಲಿನ ಕೆಲವು ಹಳ್ಳಿಗಳ ಚಿತ್ರ ತೆಗೆಯುವ ಅವಕಾಶ ನನಗೆ ಒದಗಿತು. ಆಗ ಈ ಹೊಣೆಯ ಸ್ವರೂಪ ಸ್ಪಷ್ಟವಾಯಿತು.

ವಿಲ್ಟ್‌ಷೈರ್ ಪ್ರಾಂತದ ಲೇಕಾಕ್ ಗ್ರಾಮ ಛಾಯಾಗ್ರಾಹಕರಿಗೆ ಯಾತ್ರಾಸ್ಥಳವಿದ್ದಂತೆ. ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಅವರು 1835ರಲ್ಲಿ ಅಲ್ಲಿನ ತಮ್ಮ ಮನೆಯ ಕಿಟಕಿಯೊಂದನ್ನು ಅಂಚೆಚೀಟಿಯಷ್ಟು ಚಿಕ್ಕ ಕಾಗದದ ಮೇಲೆ ಮೂಡಿಸಿದರು. ಇಂದು ಉಳಿದಿರುವ ನೆಗೆಟಿವ್‌ಗಳಲ್ಲಿ ಅದೇ ಅತ್ಯಂತ ಹಳೆಯದು. ಕಿಟಕಿಯ ಸುಮಾರು 200 ಗಾಜಿನ ಚೌಕಗಳನ್ನು ಮಸೂರದ ನೆರವಿನಿಂದ ಎಣಿಸಬಹುದಾಗಿತ್ತೆಂದು ಅವರೇ ಬರೆದಿಟ್ಟಿದ್ದಾರೆ. ಇದ್ದುದನ್ನು ಇದ್ದಂತೆ ತೋರುವ ಹಂಬಲ ಈ ಕಲೆಯೊಡನೆಯೇ ಹುಟ್ಟಿತೆನ್ನಬಹುದು.

ಲೇಕಾಕ್‌ನ ಮರದ ಚೌಕಟ್ಟಿನ ಹಳೆಯ ಮನೆಗಳಲ್ಲಿ ಕೆಲವು ಕಾಲಕ್ರಮದಲ್ಲಿ ಬಾಗಿವೆ. ಕ್ಯಾಮೆರಾವನ್ನು ಮೇಲಕ್ಕೆತ್ತಿ ಹಿಡಿದರೆ ನೆಟ್ಟಗಿರುವ ಗೋಡೆಯೂ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಅದನ್ನು ಸರಿಪಡಿಸುವುದು ನ್ಯಾಯವೇ. ಅದೇ ಭರದಲ್ಲಿ ಮನೆಯ ಸ್ವಂತ ಬಾಗನ್ನೂ ನೆಟ್ಟಗಾಗಿಸಿದರೆ ಅದರ ವಯಸ್ಸನ್ನೇ ಒರೆಸಿ ಹಾಕಿದಂತಾಗುತ್ತದೆ.

ಕಾಟ್ಸ್‌ವೋಲ್ಡ್ಸ್ ಗುಡ್ಡಸೀಮೆಯ ಹಳ್ಳಿಗಳ ಸೊಬಗಿಗೆ ಅಲ್ಲಿನ ಸುಣ್ಣಕಲ್ಲು ಕಾರಣ. ಕಬ್ಬಿಣದ ಅಂಶ ಅದಕ್ಕೆ ಜೇನಿನ ಬಣ್ಣ ಕೊಟ್ಟಿದೆ. ಮೋಡ ಕವಿದಾಗ ಬೂದಾಗಿ ಕಾಣುವ ಆ ಕಲ್ಲು ಸಂಜೆಯ ಬಿಸಿಲಿಗೆ ಹೊನ್ನಾಗುತ್ತದೆ. ಬಣ್ಣದ ಸಮತೋಲವನ್ನು ಯಂತ್ರಕ್ಕೇ ಬಿಟ್ಟರೆ ಅದು ಸಂಜೆಯ ಹೊಂಬಣ್ಣವನ್ನು ತಗ್ಗಿಸಿಬಿಡುವುದುಂಟು. ಆದುದರಿಂದ ನಾನು ಅದನ್ನು ಹಗಲ ಬೆಳಕಿಗೆ ಹೊಂದಿಸಿಟ್ಟು, ಸಂಸ್ಕರಿಸದ ‘ರಾ’ ರೂಪದಲ್ಲಿ ಚಿತ್ರ ತೆಗೆಯುತ್ತಿದ್ದೆ. ಬೆಳ್ಳನೆಯ ಆಕಾಶದ ವಿವರ ಕಳೆದುಹೋಗದಂತೆ ಬೆಳಕನ್ನು ತುಸು ಮಿತಗೊಳಿಸಿ, ಬಳಿಕ ನೆರಳಿನ ಭಾಗವನ್ನಷ್ಟೇ ಅಲ್ಪಸ್ವಲ್ಪ ತಿಳಿಗೊಳಿಸುತ್ತಿದ್ದೆ. ಆ ನಾಡಿನ ಹುಲ್ಲು ಮೊದಲೇ ಹಚ್ಚಹಸಿರು. ಅದರ ಬಣ್ಣವನ್ನು ಇನ್ನಷ್ಟು ಗಾಢಗೊಳಿಸಿದರೆ ಬಣ್ಣ ಬಳಿದ ಚಾಪೆಯಂತಾಗುತ್ತದೆ. ಮೋಡದ ದಿನ ತೆಗೆದ ಗೋಡೆಗೆ ನಾನು ಹೊನ್ನಿನ ಲೇಪ ಕೊಡಲಿಲ್ಲ. ಮೋಡವೂ ಆ ಊರಿನದೇ.

ಈ ವಿವೇಕ ಬಣ್ಣದ ಮಟ್ಟಿಗೆ ಮುಗಿಯುವುದಿಲ್ಲ. ಗ್ಲಾಸ್ಟರ್‌ಷೈರ್‌ನ ಬೈಬರಿ ಗ್ರಾಮದಲ್ಲಿ ಆರ್ಲಿಂಗ್ಟನ್ ರೋ ಎಂಬ ಮನೆಸಾಲಿದೆ. ಸುಮಾರು 1380ರಲ್ಲಿ ಉಣ್ಣೆಯ ಉಗ್ರಾಣವಾಗಿ ಕಟ್ಟಿದ ಈ ಕಟ್ಟಡ 17ನೆಯ ಶತಮಾನದಲ್ಲಿ ನೇಕಾರರ ವಸತಿಯಾಯಿತು. ಇಂದು ಚಿತ್ರ ತೆಗೆಯಲೆಂದೇ ಪ್ರವಾಸಿಗರು ಅಲ್ಲಿಗೆ ಬರುತ್ತಾರೆ. ಸಮೀಪದ ನಿವಾಸಿಯಾದ ವೃದ್ಧರೊಬ್ಬರು ತಮ್ಮ ಹಳದಿ ಕಾರನ್ನು ಮನೆಯ ಬಳಿ ನಿಲ್ಲಿಸುತ್ತಿದ್ದರು. ಅದು ದೃಶ್ಯವನ್ನು ಕೆಡಿಸುತ್ತದೆಂದು 2015ರಲ್ಲಿ ಪ್ರವಾಸಿಗರು ದೂರಿದ್ದು ಸುದ್ದಿಯಾಯಿತು. 2017ರಲ್ಲಿ ಯಾರೋ ಆ ಕಾರನ್ನು ಜಖಂಗೊಳಿಸಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಅನೇಕರು ಹಳದಿ ಕಾರುಗಳಲ್ಲಿಯೇ ಮೆರವಣಿಗೆಯಾಗಿ ಬೈಬರಿಗೆ ಬಂದು ಆ ಹಿರಿಯರಿಗೆ ಬೆಂಬಲ ಸೂಚಿಸಿದರು.

ಚಿತ್ರದ ಅಂದಕ್ಕಾಗಿ ಮನುಷ್ಯನ ಬಾಳುವೆಯನ್ನೇ ಕಲೆಯೆಂದು ಭಾವಿಸಿದರೆ ಕೈ ಎಲ್ಲಿಯವರೆಗೆ ಹೋಗುತ್ತದೆಂಬುದಕ್ಕೆ ಈ ಪ್ರಸಂಗ ಸಾಕ್ಷಿ. ನಾನು ಹೋದ ದಿನ ಅಲ್ಲಿನ ಹೊಸ್ತಿಲೊಂದರ ಬಳಿ ಕೆಸರು ಮೆತ್ತಿದ ಬೂಟುಗಳಿದ್ದವು. ಚಿತ್ರ ನೋಡಿದ ಮಗ, “ಅಪ್ಪಾ, ಇವನ್ನು ಒಂದು ಕ್ಷಣದಲ್ಲಿ ಅಳಿಸಬಹುದಲ್ಲ” ಎಂದ. “ಮಸೂರದ ಮೇಲೆ ಕುಳಿತ ಧೂಳು ನಮ್ಮದಪ್ಪಾ, ಅದನ್ನು ಅಳಿಸೋಣ, ಬೂಟುಗಳು ಆ ಮನೆಯವರವು” ಎಂದೆ. ಅವು ಚಿತ್ರದಲ್ಲಿ ಹಾಗೆಯೇ ಉಳಿದಿವೆ. ಆರು ಶತಮಾನ ದಾಟಿದ ಆ ಗೋಡೆಗಳ ನಡುವೆ ಇಂದಿಗೂ ಜನರು ಬಾಳುತ್ತಿರುವರೆಂಬುದಕ್ಕೆ ನನ್ನ ಚಿತ್ರದಲ್ಲಿರುವ ಆಧಾರ ಅದೊಂದೇ.

ನಮ್ಮ ವಿದ್ಯಾರ್ಥಿಗಳ ಕೈಯಲ್ಲಿಯೂ ಈಗ ಕ್ಯಾಮೆರಾಗಳಿವೆ. ಮುಂದೆ ಇಂಥ ಸಂಪುಟಗಳಿಗೆ ನಮ್ಮ ಶಾಲೆಯ ಚಿತ್ರ ತೆಗೆಯುವವರು ಅವರೇ. ಅವರು ಗೋಡೆಯ ಬಿರುಕನ್ನೂ, ಅಂಗಳದಲ್ಲಿ ಒಣಗುವ ಬಟ್ಟೆಯನ್ನೂ ಅಳಿಸದಿರಲೆಂದು ಹಳೆಯ ವಿದ್ಯಾರ್ಥಿಯಾದ ನನ್ನ ಹಾರೈಕೆ.