ಸಾಲುಮಂಟಪದ ನೆರಳು

ತುರ್ಭೆಯ ಎಪಿಎಂಸಿ ಮಾರುಕಟ್ಟೆಯಲ್ಲಿ ಅಂಗಡಿಗೆ ಗಾಳಾ ಎನ್ನುತ್ತಾರೆ. ಗಾಳಾಗಳ ಮುಂದೆ ಉದ್ದಕ್ಕೂ ಚಾವಣಿ ಇರುವ ಪಡಸಾಲೆ. ಬೆಳಗಿನ ಹೊತ್ತು ಅದು ಈರುಳ್ಳಿ ಚೀಲಗಳದು. ವ್ಯಾಪಾರ ಇಳಿದ ಮೇಲೆ ಹಮಾಲರದು. ಗೋಣಿ ಹಾಸಿ ಮಲಗಿದವರ ಮಾತಿನಲ್ಲಿ ಕಲಬುರಗಿ, ವಿಜಯಪುರದ ಕಡೆಯ ಕನ್ನಡವೂ ಕೇಳಿಸುತ್ತದೆ. ಹಂಪಿ ಬಜಾರಿನ ಸಾಲುಮಂಟಪಗಳು ಯಾಕಿದ್ದವು ಎಂಬುದು ನನಗೆ ಸರಿಯಾಗಿ ತಿಳಿದದ್ದು ಇಲ್ಲಿಗೆ ಬಂದ ಮೇಲೆ.

ವಿರೂಪಾಕ್ಷನ ಗೋಪುರದಿಂದ ಮಾತಂಗ ಬೆಟ್ಟದ ಬುಡದ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರು ರಥಬೀದಿ. ಎರಡೂ ಬದಿಗೆ ಕಲ್ಲುಕಂಬಗಳ ಸಾಲು, ಕೆಲವೆಡೆ ಎರಡಂತಸ್ತು. 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪೇಸ್ ಈ ಬೀದಿಯ ಮನೆಗಳನ್ನು ಮೆಚ್ಚಿ, ಅಲ್ಲಿ ಯಾತ್ರಿಕರು ತಂಗುತ್ತಾರೆಂದು ಬರೆದಿದ್ದಾನೆ. ಮಾರುವವರಿಗೂ ಉಳಿಯುವವರಿಗೂ ಒಂದೇ ನೆರಳು.

1565ರ ಯುದ್ಧದ ನಂತರ ಪಟ್ಟಣ ಹಾಳಾಯಿತು. ಎಷ್ಟೋ ಕಾಲದ ಮೇಲೆ ಬಡ ಕುಟುಂಬಗಳು ಕಂಬಗಳ ನಡುವೆ ಗೋಡೆ ಎಬ್ಬಿಸಿ ಒಲೆ ಹೂಡಿದವು; ಮುಂದುಗಡೆ ಹೂವು-ಕಾಯಿ, ಚಹಾ ಮಾರಿದವು. 1986ರಲ್ಲಿ ಹಂಪಿ ವಿಶ್ವಪರಂಪರೆಯ ಪಟ್ಟಿ ಸೇರಿತು. 2011ರ ಜುಲೈ ಕೊನೆಯಲ್ಲಿ ಬುಲ್ಡೋಜರುಗಳು ಬಂದವು. ನೂರಾರು ಕುಟುಂಬಗಳು ಎದ್ದುಹೋಗಬೇಕಾಯಿತು. ಅವರಿಗೆ ತೋರಿಸಿದ ಜಾಗ ಕಡ್ಡಿರಾಂಪುರದಲ್ಲಿ, ಗುಡಿಯಿಂದಲೂ ಗಿರಾಕಿಗಳಿಂದಲೂ ದೂರ.

ಕಂಬಗಳ ನಡುವೆ ಗೋಡೆ ಕಟ್ಟಿದರೆ ಕಲ್ಲಿಗೆ ಪೆಟ್ಟಾಗುತ್ತದೆ, ನಿಜ. ಆದರೆ ಫ್ರಾನ್ಸಿನಲ್ಲಿ ಮೊಂಪಾಜಿಯೆ ಎಂಬ ಸಣ್ಣ ಊರಿದೆ. ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ 13ನೇ ಶತಮಾನದಲ್ಲಿ ಕಟ್ಟಿಸಿದ್ದು. ಪೇಟೆ ಚೌಕದ ಸುತ್ತ ಕಮಾನಿನ ಪಡಸಾಲೆ, ಅದರ ಮೇಲೆ ಮನೆಗಳು. ಕಟ್ಟಡಗಳಿಗೆ ಕಾನೂನಿನ ರಕ್ಷಣೆ ಇದೆ; ಜನರೂ ಇದ್ದಾರೆ, ಗುರುವಾರದ ಸಂತೆಯೂ ನಡೆಯುತ್ತದೆ.

ಹಂಪಿಯವರಿಗೆ ಸಿಕ್ಕ ಹೆಸರು ಒತ್ತುವರಿದಾರರು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ಆ ಮಾತಿನ ಭಾರ ಗೊತ್ತು. ಎಷ್ಟು ವರ್ಷ ಬಾಳಿದರೂ ಒಂದು ನೋಟೀಸಿನಲ್ಲಿ ಮನುಷ್ಯ ಹೊರಗಿನವನಾಗಬಹುದು.

ಗೋಡೆಗಳನ್ನು ತೆಗೆದ ಮೇಲೆ ಹೂವು-ಕಾಯಿಯವರನ್ನಾದರೂ ಅದೇ ಕಂಬಗಳ ಕೆಳಗೆ ಕೂರಿಸಬಹುದಿತ್ತು. ಅಲ್ಲಿ ಕೂತು ಮಾರುವ ರೂಢಿ ಆ ಕಂಬಗಳಷ್ಟೇ ಹಳೆಯದು.